ಕೈಕೊಡುವವರ ಲೆಕ್ಕ

ಕನ್ನಡದಲ್ಲಿ 'ಕೈ ಕೊಡುವುದು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿವೆ. ಕೆರೆಯ ಮೆಟ್ಟಿಲಲ್ಲಿ ಜಾರಿದವನಿಗೆ ಕೈ ಕೊಟ್ಟವನು ನೆರವಾದವನು. ಮದುವೆಯ ದಿನ ಕೈಕೊಟ್ಟ ಅಡುಗೆಯವನು ಬಾರದೇ ಹೋದವನು. ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಈ ಎರಡನೆಯ ಅರ್ಥದ ಮೇಲೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ (ಇಲಿಯೂ ನಾಯಿಯೂ ಒಟ್ಟಿಗಿರುವ ಊರು ಎಂದು ನನ್ನ ಅಮ್ಮ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ) ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ. ಸಾವಿರಾರು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ದುಡಿಯುವ ದೊಡ್ಡ ಗಣಕಗಳಿವೆಯಲ್ಲ, ಅವುಗಳಲ್ಲಿ ಎಷ್ಟು ಪ್ರೊಸೆಸರ್‌ಗಳು ಕೈಕೊಡಬಹುದು, ಕೊಟ್ಟರೆ ಒಟ್ಟು ಕೆಲಸ ಎಷ್ಟು ತಡವಾಗಬಹುದು ಎಂದು ಮೊದಲೇ ಅಂದಾಜು ಮಾಡುವುದು. "ಕೆಟ್ಟುಹೋಗೋದನ್ನ ಲೆಕ್ಕ ಹಾಕೋಕೂ ಸಂಬಳ ಕೊಡ್ತಾರಾ?" ಎಂದು ಊರಿನಲ್ಲಿ ಕೇಳುತ್ತಾರೆ. ಕೊಡುತ್ತಾರೆ. ಕೆಡದಿರುವುದನ್ನು ಮಾರುವವರಿಗೆ ಇನ್ನೂ ಹೆಚ್ಚು ಕೊಡುತ್ತಾರೆ, ಅದು ಬೇರೆ ಮಾತು.

ಈ ಕೆಲಸದಲ್ಲಿ ಇಷ್ಟು ಕಾಲ ಕಳೆದ ಮೇಲೆ ಒಂದು ಪ್ರಶ್ನೆ ನನ್ನ ಬೆನ್ನು ಬಿಡುತ್ತಿಲ್ಲ. ಒಬ್ಬರು ಕೈಕೊಡಬಹುದೆಂದು ಮುಂಚೆಯೇ ಲೆಕ್ಕ ಹಾಕಿಟ್ಟುಕೊಳ್ಳುವುದು ಅವರನ್ನು ಅವಮಾನಿಸಿದಂತೆಯೇ? ನಂಬಿಕೆ ಇರುವ ಕಡೆ ಇಂಥ ಲೆಕ್ಕಕ್ಕೆ ಜಾಗವೇ ಇರಬಾರದೆಂದು ನಮ್ಮಲ್ಲಿ ಬಹಳ ಮಂದಿ ಭಾವಿಸುತ್ತಾರೆ. ಅಣ್ಣತಮ್ಮಂದಿರು ಕರಾರುಪತ್ರ ಬರೆದುಕೊಂಡರೆ ಮನೆ ಒಡೆಯಿತು ಎಂದೇ ಊರು ತಿಳಿಯುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಏಕೆ ಅನ್ನಿಸುವುದಿಲ್ಲ ಎಂಬುದನ್ನು ಹೇಳಲು ಸ್ವಲ್ಪ ಯಂತ್ರದ ಸಂಗತಿ ಹೇಳಬೇಕು.

ಒಂದು ಪ್ರೊಸೆಸರ್ ಸರಾಸರಿ ಐದು ವರ್ಷಕ್ಕೊಮ್ಮೆ ಕೆಡುತ್ತದೆ ಎನ್ನಿ. ಒಳ್ಳೆಯ ಸರಕು, ನಮ್ಮ ಮನೆಯ ಮಿಕ್ಸಿಗಿಂತ ವಾಸಿ. ಐದು ವರ್ಷವೆಂದರೆ ಸುಮಾರು 43,800 ಗಂಟೆ. ಇಂಥ ಹತ್ತು ಸಾವಿರ ಪ್ರೊಸೆಸರ್‌ಗಳನ್ನು ಒಂದು ಕೆಲಸಕ್ಕೆ ಹಚ್ಚಿದರೆ, ಅವುಗಳಲ್ಲಿ ಯಾವುದೋ ಒಂದು ಸರಾಸರಿ ನಾಲ್ಕೂವರೆ ಗಂಟೆಯೊಳಗೆ ಕೆಡುತ್ತದೆ. ಮೂರು ದಿನ ಒಂದೇ ಸಮ ನಡೆಯಬೇಕಾದ ಲೆಕ್ಕ, ಯಾರೂ ಕೈಕೊಡದೆ ಮುಗಿಯುವ ಸಂಭವ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಯಾವ ಪ್ರೊಸೆಸರ್ ಮೇಲೂ ದೂರು ಹೇಳುವಂತಿಲ್ಲ. ಪ್ರತಿಯೊಂದೂ ಪ್ರಾಮಾಣಿಕವಾಗಿ ತನ್ನ ಐದು ವರ್ಷ ಬಾಳುತ್ತಿದೆ. ಜೊತೆಗೂಡಿದ್ದೇ ಕಾರಣ.

ಇದು ಕಾಗದದ ಮೇಲಿನ ಮಾತಲ್ಲ. ಮೆಟಾ ಕಂಪನಿಯವರು ತಮ್ಮ ಲಾಮಾ 3 ಎಂಬ ಭಾಷಾ ಮಾದರಿಯನ್ನು ತಯಾರಿಸಿದ ಬಗ್ಗೆ 2024ರಲ್ಲಿ ಬರೆದ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ: 16,384 ಜಿಪಿಯುಗಳು, 54 ದಿನ, 466 ಸಲ ಕೆಲಸ ನಿಂತಿತು. ಅದರಲ್ಲಿ 419 ಸಲ ಅನಿರೀಕ್ಷಿತವಾಗಿ, ಅಂದರೆ ಸುಮಾರು ಮೂರು ಗಂಟೆಗೊಮ್ಮೆ. ಆದರೂ ಶೇಕಡ 90ಕ್ಕಿಂತ ಹೆಚ್ಚು ಸಮಯ ಉಪಯುಕ್ತ ಕೆಲಸವೇ ನಡೆಯಿತು. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲಿ 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ಕಟ್ಟಿದಾಗ ಅದರಲ್ಲಿದ್ದುದು ಬೆರಳಲ್ಲಿ ಎಣಿಸಬಹುದಾದಷ್ಟು ಪ್ರೊಸೆಸರ್‌ಗಳು. ಅಂಥ ಗಣಕದಲ್ಲಿ ಒಂದು ಕೆಟ್ಟರೆ ಯಾವುದು ಕೆಟ್ಟಿತು ಎಂದು ಹೋಗಿ ನೋಡಬಹುದಿತ್ತು. ಈಗಿನ ಗಣಕಗಳಲ್ಲಿ ಕೆಡುವುದು ಒಂದು ಘಟನೆಯಲ್ಲ, ಹವಾಮಾನ.

ಹಾಗೆ ನೋಡಿದರೆ ಈ ಚಿಂತೆ ಗಣಕದಷ್ಟೇ ಹಳೆಯದು. 1946ರ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು, ಎರಡು ದಿನಕ್ಕೊಂದರಂತೆ ಸುಟ್ಟುಹೋಗುತ್ತಿದ್ದವು. 1952ರಲ್ಲಿ ಜಾನ್ ಫಾನ್ ನಾಯ್ಮನ್ ಕ್ಯಾಲಿಫೋರ್ನಿಯದಲ್ಲಿ ಇದರ ಮೇಲೆಯೇ ಉಪನ್ಯಾಸಗಳನ್ನು ಕೊಟ್ಟ. ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಒಂದು ದೇಹವನ್ನು ಕಟ್ಟುವುದು ಹೇಗೆ ಎಂಬುದು ಅವನ ಪ್ರಶ್ನೆ. ಅವನ ಉತ್ತರದ ತಿರುಳು ಪಂಚಾಯಿತಿ: ಒಂದೇ ಕೆಲಸವನ್ನು ಮೂವರಿಗೆ ಕೊಡಿ, ಇಬ್ಬರು ಹೇಳಿದ್ದನ್ನು ಒಪ್ಪಿ. ನೂರಕ್ಕೆ ಒಂದು ಸಲ ತಪ್ಪುವ ಮೂವರ ಬಹುಮತ ತಪ್ಪುವುದು ಹತ್ತು ಸಾವಿರಕ್ಕೆ ಸುಮಾರು ಮೂರು ಸಲ ಮಾತ್ರ. ಆದರೆ ಮತ ಎಣಿಸುವವನೂ ಅದೇ ಮಣ್ಣಿನವನು, ಅವನೂ ತಪ್ಪಬಹುದಲ್ಲ ಎಂಬುದನ್ನು ಫಾನ್ ನಾಯ್ಮನ್ ಮರೆಯಲಿಲ್ಲ. ಆ ಉಪನ್ಯಾಸಗಳ ಕಷ್ಟದ ಭಾಗವೆಲ್ಲ ಅದೇ.

ಇಂದು ದೊಡ್ಡ ಗಣಕಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಪಂಚಾಯಿತಿಗಿಂತ ಸರಳವಾದ ಉಪಾಯ. ಆಗಾಗ ಕೆಲಸ ನಿಲ್ಲಿಸಿ, ಇಲ್ಲಿಯವರೆಗಿನ ಲೆಕ್ಕವನ್ನು ಬರೆದಿಟ್ಟುಕೊಳ್ಳುವುದು; ಯಾರಾದರೂ ಕೈಕೊಟ್ಟರೆ ಮೊದಲಿನಿಂದ ಶುರುಮಾಡದೆ ಬರೆದಿಟ್ಟಲ್ಲಿಂದ ಮುಂದುವರಿಸುವುದು. ಇದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ಎಷ್ಟು ಹೊತ್ತಿಗೊಮ್ಮೆ ಬರೆದಿಡಬೇಕು? ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತ ಕೂತರೆ ಬರೆಯುವುದೇ ಕೆಲಸವಾಗುತ್ತದೆ. ದಿನಕ್ಕೊಮ್ಮೆ ಬರೆದರೆ ಪ್ರತಿ ಸಲ ಕೆಟ್ಟಾಗಲೂ ಗಂಟೆಗಟ್ಟಲೆ ದುಡಿಮೆ ಮಣ್ಣುಪಾಲು. 1974ರಲ್ಲಿ ಜಾನ್ ಯಂಗ್ ಎಂಬುವನು ಇದಕ್ಕೊಂದು ಸೂತ್ರ ಕೊಟ್ಟ: ಬರೆದಿಡಲು ಹಿಡಿಯುವ ಸಮಯವನ್ನೂ, ಎರಡು ವೈಫಲ್ಯಗಳ ನಡುವಿನ ಸರಾಸರಿ ಸಮಯವನ್ನೂ ಗುಣಿಸಿ, ಇಮ್ಮಡಿ ಮಾಡಿ, ವರ್ಗಮೂಲ ತೆಗೆಯಿರಿ. ಮೇಲಿನ ಉದಾಹರಣೆಯಲ್ಲಿ ಬರೆದಿಡಲು 6 ನಿಮಿಷ ಬೇಕಾದರೆ ಸುಮಾರು 56 ನಿಮಿಷಕ್ಕೊಮ್ಮೆ ಬರೆಯಬೇಕು.

ಈ ಸೂತ್ರದ ಒಳಗೊಂದು ಸಂಗತಿ ಅಡಗಿದೆ. ಆ 56 ನಿಮಿಷದ ಬಿಂದುವಿನಲ್ಲಿ ನಿಂತು ನೋಡಿದರೆ, ಬರೆದಿಡುವುದಕ್ಕೆ ಖರ್ಚಾಗುವ ಸಮಯ ಸುಮಾರು ಹತ್ತನೆಯ ಒಂದು ಪಾಲು. ಕೆಟ್ಟದ್ದರಿಂದ ಮತ್ತೆ ಮಾಡಬೇಕಾದ ಕೆಲಸವೂ ಸುಮಾರು ಹತ್ತನೆಯ ಒಂದು ಪಾಲು. ಎರಡೂ ಸಮ. ಎಚ್ಚರಿಕೆಗೆ ತೆತ್ತದ್ದೂ ನಷ್ಟಕ್ಕೆ ತೆತ್ತದ್ದೂ ಸರಿಸಮನಾದಾಗ ಒಟ್ಟು ತೆರಿಗೆ ಅತಿ ಕಡಿಮೆ. ತಿರುಗಿಸಿ ಹೇಳುವುದಾದರೆ, ಎಂದೂ ಏನನ್ನೂ ಕಳೆದುಕೊಳ್ಳದವನು ಭಯಕ್ಕೆ ಹೆಚ್ಚು ಬೆಲೆ ತೆರುತ್ತಿದ್ದಾನೆ. ನನ್ನ ಅಜ್ಜಿ ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಲು ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ನಮ್ಮ ಮನೆಯಲ್ಲಿ ಒಮ್ಮೆಯೂ ಕಳವಾಗಲಿಲ್ಲ, ಅಜ್ಜಿಗೆ ಒಂದು ರಾತ್ರಿಯೂ ಸರಿಯಾಗಿ ನಿದ್ದೆಯಾಗಲಿಲ್ಲ.

ಇಷ್ಟೆಲ್ಲ ಮಾಡಿಯೂ ಯಂತ್ರದ ಐದನೆಯ ಒಂದು ಪಾಲು ಹೋಗೇ ಹೋಗುತ್ತದೆ. ಅದನ್ನು ಯಾರು ಕಟ್ಟಬೇಕು ಎಂಬಲ್ಲಿಂದ ನೀತಿಯ ಪ್ರಶ್ನೆ ಶುರುವಾಗುತ್ತದೆ.

ಗಣಕದಲ್ಲಿ ಇದಕ್ಕೆ ಉತ್ತರ ಸುಲಭ. ಕಟ್ಟುವವನು ಗಣಕವನ್ನು ನಡೆಸುವವನು. ಮನುಷ್ಯರಲ್ಲಿ ಹಾಗಿಲ್ಲ. ನಮ್ಮದು ಮಲೆನಾಡಿನ ಅಡಿಕೆ ಮನೆ. ಕೊನೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಮನೆಗೆ ಬಂದರೆ ಬೇಗ ಸುಲಿದು ಬೇಯಿಸಬೇಕು. ತಡವಾದಷ್ಟೂ ಮಾಲು ಕೆಡುತ್ತದೆ. ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದ ಕೇರಿಗಳ ಹೆಂಗಸರು ಬಂದು ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಸುಲಿದಷ್ಟಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಸಮಾಂತರ ಗಣನೆ ಎಂದರೇನೆಂದು ವಿದ್ಯಾರ್ಥಿಗಳಿಗೆ ವಿವರಿಸುವಾಗ ನನ್ನ ಕಣ್ಣ ಮುಂದೆ ಬರುವುದು ಆ ಜಗಲಿ. ಸುಲಿಯುವವರು ಎಷ್ಟೇ ಜನ ಬಂದರೂ ಬೇಯಿಸುವ ಹಂಡೆ ಒಂದೇ. ಆದ್ದರಿಂದ ಜನ ಹೆಚ್ಚಾದಂತೆಲ್ಲ ಕೆಲಸ ಅದೇ ಪ್ರಮಾಣದಲ್ಲಿ ಬೇಗ ಮುಗಿಯುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಗಣಕಗಳ ಬಗ್ಗೆ ಹೇಳಿದ್ದೂ ಅದನ್ನೇ. ಹಂಚಿಕೊಳ್ಳಲಾಗದ ಭಾಗವೇ ಒಟ್ಟು ವೇಗದ ಮಿತಿ.

ದೊಡ್ಡಪ್ಪನಿಗೆ ಹದಿನಾಲ್ಕು ಜನ ಬೇಕಿದ್ದರೆ ಇಪ್ಪತ್ತು ಜನಕ್ಕೆ ಹೇಳಿ ಕಳಿಸುತ್ತಿದ್ದರು. ಯಾರದೋ ಮಗುವಿಗೆ ಜ್ವರ, ಯಾರದೋ ಮನೆಗೆ ನೆಂಟರು, ಯಾರಿಗೋ ಬೇರೆ ಮನೆಯವರು ಮೊದಲೇ ಹೇಳಿದ್ದಾರೆ. ಆರು ಜನ ತಪ್ಪೇ ತಪ್ಪುತ್ತಾರೆಂದು ಅವರಿಗೆ ಗೊತ್ತಿತ್ತು. ಅಪ್ಪಟ ಕಾರ್ಯಕ್ಷಮತೆಯ ಮಾದರಿ, ಸೂತ್ರವಿಲ್ಲದೆ. ತಪ್ಪಿದವರ ಮೇಲೆ ಅವರು ಒಮ್ಮೆಯೂ ಸಿಟ್ಟಾದದ್ದನ್ನು ನಾನು ನೋಡಿಲ್ಲ. ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡದ್ದಕ್ಕೆ ಸಿಟ್ಟು ಬರುವುದಿಲ್ಲ. ಇದು ಈ ಲೆಕ್ಕದ ದೊಡ್ಡ ಗುಣ ಎಂದು ನನಗೆ ಅನ್ನಿಸುತ್ತದೆ. ಎಲ್ಲರೂ ಬರಲೇಬೇಕು ಎಂದು ನಂಬಿ ಕೂತ ಯಜಮಾನ ಬಾರದವಳನ್ನು ಮರುದಿನ ಬೈಯುತ್ತಾನೆ.

ಆದರೆ ಕೆಲವು ರಾತ್ರಿ ಇಪ್ಪತ್ತು ಜನವೂ ಬಂದುಬಿಡುತ್ತಿದ್ದರು. ಆಗ ಇದ್ದ ಅಡಿಕೆಯನ್ನೇ ಇಪ್ಪತ್ತು ಪಾಲು ಮಾಡಿಕೊಂಡು ಸುಲಿಯಬೇಕು. ತಲಾ ಸಿಗುವ ಕೂಲಿ ಕಡಿಮೆ. ದೊಡ್ಡಪ್ಪನಿಗೆ ಏನೂ ನಷ್ಟವಿಲ್ಲ. ಅವರ ಮುನ್ನೆಚ್ಚರಿಕೆಯ ಬೆಲೆಯನ್ನು ಆ ರಾತ್ರಿ ಕಟ್ಟುತ್ತಿದ್ದುದು ಚಳಿಯಲ್ಲಿ ಒಂದು ಮೈಲಿ ನಡೆದು ಬಂದ ಆ ಹೆಂಗಸರು. ದೊಡ್ಡಮ್ಮ ಇದನ್ನು ಕಂಡುಕೊಂಡಿದ್ದರೆಂದು ಕಾಣುತ್ತದೆ. ಅಂಥ ರಾತ್ರಿಗಳಲ್ಲಿ ಕಾಫಿಯ ಜೊತೆ ಅವಲಕ್ಕಿಯನ್ನೂ ಕೊಟ್ಟು, ಹೋಗುವಾಗ ತೆಂಗಿನಕಾಯಿಯೊಂದನ್ನು ಕೈಗಿಡುತ್ತಿದ್ದರು. ಅದು ಸಾಲದು ಎಂದು ಈಗ ಹೇಳಬಹುದು. ಆದರೆ ಈ ದೇಶದಲ್ಲಿ ಎಷ್ಟೋ ಅಂಗಡಿ ಹೋಟೆಲುಗಳು ಇಂದು ಕೆಲಸಗಾರರನ್ನು ಕರೆಸಿಕೊಂಡು ಗಿರಾಕಿ ಕಡಿಮೆಯೆಂದು ಕಂಡರೆ ನಡುವೆಯೇ ಮನೆಗೆ ಕಳಿಸುತ್ತವಲ್ಲ, ಅಲ್ಲಿ ತೆಂಗಿನಕಾಯಿಯೂ ಇಲ್ಲ.

ಹೀಗಾಗಿ ನನ್ನ ಮೊದಲ ಪ್ರಶ್ನೆಗೆ ನಾನು ಕಂಡುಕೊಂಡ ಅರ್ಧ ಉತ್ತರ ಇದು: ಒಬ್ಬರು ಕೈಕೊಡಬಹುದೆಂದು ಲೆಕ್ಕ ಹಾಕುವುದು ಅವಮಾನವಲ್ಲ, ಆ ಲೆಕ್ಕದ ಖರ್ಚನ್ನು ಲೆಕ್ಕ ಹಾಕಿದವನೇ ಹೊರುವುದಾದರೆ.

ಇನ್ನರ್ಧ ಕಷ್ಟದ್ದು. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಕೆಟ್ಟದ್ದು ಕೆಟ್ಟಿತೆಂದು ಗೊತ್ತಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ವಾಸ್ತವದಲ್ಲಿ ಪ್ರೊಸೆಸರ್ ಸತ್ತಿದ್ದೇನೆ ಎಂದು ಹೇಳಿಕೊಂಡು ಸಾಯುವುದಿಲ್ಲ, ಸುಮ್ಮನಾಗುತ್ತದೆ. ಇನ್ನು ಕೆಲವು ಬದುಕೇ ಇರುತ್ತವೆ, ನಿಧಾನವಾಗಿರುತ್ತವೆ. ಗೂಗಲ್‌ನ ಡೀನ್ ಮತ್ತು ಘೆಮಾವತ್ 2004ರಲ್ಲಿ ತಮ್ಮ ಮ್ಯಾಪ್‌ರೆಡ್ಯೂಸ್ ವ್ಯವಸ್ಥೆಯ ಬಗ್ಗೆ ಬರೆದಾಗ ಈ ನಿಧಾನಿಗಳ ಕಥೆ ಹೇಳಿದ್ದರು. ಒಂದು ಡಿಸ್ಕ್ ಸೆಕೆಂಡಿಗೆ 30 ಮೆಗಾಬೈಟ್ ಓದುವ ಬದಲು 1 ಮೆಗಾಬೈಟ್ ಓದತೊಡಗಿದರೆ ಸಾಕು, ಉಳಿದ ಸಾವಿರವೂ ಅದಕ್ಕಾಗಿ ಕಾಯುತ್ತ ಕೂರಬೇಕು. ಅವರ ಪರಿಹಾರ: ಕೆಲಸ ಮುಗಿಯುವ ಹೊತ್ತಿಗೆ ಉಳಿದಿರುವ ತುಂಡುಗಳನ್ನು ಇನ್ನೊಬ್ಬರಿಗೂ ಕೊಡುವುದು, ಯಾರು ಮೊದಲು ಮುಗಿಸಿದರೂ ಸರಿ. ಈ ಏರ್ಪಾಡನ್ನು ತೆಗೆದುಹಾಕಿ ನೋಡಿದಾಗ ಒಂದು ವಿಂಗಡಣೆಯ ಕೆಲಸ ಶೇಕಡ 44ರಷ್ಟು ಹೆಚ್ಚು ಸಮಯ ಹಿಡಿಯಿತಂತೆ. ಗಮನಿಸಿ, ನಿಧಾನವಾದವನಿಗೆ ಏಕೆ ನಿಧಾನ ಎಂದು ಯಾರೂ ಕೇಳುವುದಿಲ್ಲ, ಶಿಕ್ಷೆಯೂ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ಬಂದು ಕೂರುತ್ತಾನೆ, ಅಷ್ಟೆ.

ಸುಮ್ಮನಾದವನು ಸತ್ತನೋ ನಿಧಾನವೋ ಎಂದು ದೂರದಿಂದ ಹೇಳಲಾಗದು ಎಂಬುದು ನಮ್ಮ ಶಾಸ್ತ್ರದ ಬಹಳ ಆಳವಾದ ತಿಳಿವಳಿಕೆ. ಸಂದೇಶ ತಲುಪಲು ಇಷ್ಟೇ ಹೊತ್ತು ಎಂಬ ಮಿತಿಯಿಲ್ಲದ ಜಾಲದಲ್ಲಿ ಒಬ್ಬನೇ ಒಬ್ಬ ಕೈಕೊಡುವ ಸಾಧ್ಯತೆ ಇದ್ದರೂ, ಉಳಿದವರೆಲ್ಲ ಖಂಡಿತವಾಗಿ ಒಂದು ತೀರ್ಮಾನಕ್ಕೆ ಬಂದೇ ಬರುತ್ತಾರೆಂದು ಭರವಸೆ ಕೊಡುವ ವಿಧಾನ ಇರಲಾರದು ಎಂದು ಫಿಷರ್, ಲಿಂಚ್ ಮತ್ತು ಪ್ಯಾಟರ್‌ಸನ್ 1985ರಲ್ಲಿ ಸಾಧಿಸಿ ತೋರಿಸಿದರು. ಆಚರಣೆಯಲ್ಲಿ ನಾವು ಮಾಡುವುದು ಇಷ್ಟೇ: ಪ್ರತಿಯೊಬ್ಬನೂ ಆಗಾಗ 'ಇದ್ದೇನೆ' ಎಂದು ಹೇಳುತ್ತಿರಬೇಕು. ಆ ಸಂದೇಶವನ್ನು ಎದೆಬಡಿತ ಎಂದೇ ಕರೆಯುತ್ತೇವೆ. ಇಂತಿಷ್ಟು ಹೊತ್ತು ಬಡಿತ ಕೇಳದಿದ್ದರೆ ಹೋದನೆಂದು ಭಾವಿಸುವುದು. ಆ ಹೊತ್ತನ್ನು ಚಿಕ್ಕದಾಗಿ ಇಟ್ಟರೆ ಬದುಕಿರುವವರನ್ನು ಸತ್ತರೆಂದು ಬರೆದುಬಿಡುತ್ತೀರಿ. ದೊಡ್ಡದಾಗಿ ಇಟ್ಟರೆ ಸತ್ತವರಿಗಾಗಿ ಕಾಯುತ್ತ ಕೂರುತ್ತೀರಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಈ ಸಮಸ್ಯೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಅಮ್ಮನಿಗೆ ಈಗ ಎಪ್ಪತ್ತೆಂಟು. ಅಪ್ಪ ಹೋದ ಮೇಲೆ ಹಳೇ ಮನೆಯಲ್ಲಿ ಒಬ್ಬರೇ. ಅಕ್ಕ ಮೈಸೂರಿನಲ್ಲಿ, ತಮ್ಮ ಸಿಂಗಪುರದಲ್ಲಿ, ನಾನು ಇಲ್ಲಿ. ಮೂವರೂ ದಿನಕ್ಕೊಂದು ಸಲ ಬೇರೆ ಬೇರೆ ಹೊತ್ತಿನಲ್ಲಿ ಫೋನ್ ಮಾಡುತ್ತೇವೆ. ಎತ್ತದಿದ್ದರೆ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ, ಆಗಲೂ ಇಲ್ಲದಿದ್ದರೆ ಪಕ್ಕದ ಮನೆಗೆ. "ಎತ್ತಲಿಲ್ಲ ಅಂದ್ರೆ ಹೋದ್ಲು ಅಂದ್ಕೋಬೇಡಿ ಮಾರಾಯ, ಬಚ್ಚಲಲ್ಲಿರ್ತೀನಿ" ಎಂದು ಅಮ್ಮ ನಗುತ್ತಾರೆ. ಪಕ್ಕದ ಮನೆಯವರು ವಾರಕ್ಕೆರಡು ಸಲ ಚಪ್ಪಲಿ ಮೆಟ್ಟಿ ಬಂದು "ಅಮೆರಿಕದೋರು ಕೇಳ್ತಿದಾರೆ" ಎನ್ನುವುದು ಅವರಿಗೂ ಬೇಸರ, ಅಮ್ಮನಿಗೂ ಮುಜುಗರ. ಇಪ್ಪತ್ತು ನಿಮಿಷವನ್ನು ನಲವತ್ತು ಮಾಡೋಣವೇ ಎಂದು ಮೂವರೂ ಚರ್ಚಿಸಿದ್ದೇವೆ. ನನ್ನ ವೃತ್ತಿಜೀವನದ ಯಾವ ಸಂಖ್ಯೆಯ ಮೇಲೂ ನಾನು ಇಷ್ಟು ಯೋಚಿಸಿದ್ದಿಲ್ಲ.

ಮತ್ತು ಇಲ್ಲಿ ಮಾದರಿಯ ಊರುಗೋಲುಗಳು ಒಂದೊಂದಾಗಿ ಮುರಿಯುತ್ತವೆ. ನಮ್ಮ ಸೂತ್ರಗಳು ವೈಫಲ್ಯಗಳು ಒಂದನ್ನೊಂದು ಅವಲಂಬಿಸಿಲ್ಲ ಎಂದು ಇಟ್ಟುಕೊಳ್ಳುತ್ತವೆ. ಆಷಾಢದ ಮಳೆಯಲ್ಲಿ ಕರೆಂಟು, ಫೋನು, ರಸ್ತೆ ಮೂರೂ ಒಂದೇ ರಾತ್ರಿ ಹೋಗುತ್ತವೆ. ಪಕ್ಕದ ಮನೆಯ ಫೋನೂ ಅದೇ ಟವರಿನದು. (ಮೆಟಾದವರ ಯಂತ್ರಗಳೂ ಮಧ್ಯಾಹ್ನದ ಬಿಸಿಲಿಗೆ ಒಟ್ಟಾಗಿ ಶೇಕಡ ಒಂದೆರಡರಷ್ಟು ನಿಧಾನವಾಗುತ್ತಿದ್ದವಂತೆ.) ಸೂತ್ರಗಳಿಗೆ ಹಿಂದಿನ ನೆನಪಿರುವುದಿಲ್ಲ, ಐದು ವರ್ಷ ದುಡಿದದ್ದೂ ನಿನ್ನೆ ಬಂದದ್ದೂ ನಾಳೆ ಕೆಡುವ ಸಂಭವ ಒಂದೇ ಎನ್ನುತ್ತವೆ. ಎಪ್ಪತ್ತೆಂಟರಲ್ಲಿ ಅದು ಸುಳ್ಳು. ಕೊನೆಯದಾಗಿ, ಕೆಟ್ಟ ನೋಡ್ ಬದಲಿಗೆ ಬದಲಿ ನೋಡ್ ಇರುತ್ತದೆ ಎಂಬ ಆಧಾರ. ಅದನ್ನು ಬಿಡಿಸಿ ಬರೆಯುವುದು ಬೇಡ.

ಆದರೂ ಸುಮ್ಮನಾಗುವವರ ಸಮಸ್ಯೆ ಸಹಿಸಬಹುದು. ಉತ್ತರ ಕೊಡುತ್ತಲೇ ತಪ್ಪು ಹೇಳುವವರದು ಅದಕ್ಕಿಂತ ಕಠಿಣ. ಲ್ಯಾಂಪೋರ್ಟ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ಒಂದು ಕಥೆಯಾಗಿ ಹೇಳಿದರು. ಬೈಜಾಂಟಿಯಮ್‌ನ ಸೇನಾಪತಿಗಳು ಊರೊಂದನ್ನು ಮುತ್ತಿದ್ದಾರೆ, ಅವರಲ್ಲೊಬ್ಬ ದ್ರೋಹಿ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಹೇಳುತ್ತಾನೆ. ಸಹಿಯಿಲ್ಲದ ಬಾಯಿಮಾತಿನಲ್ಲೇ ವ್ಯವಹಾರ ನಡೆಯುವುದಾದರೆ, ಒಬ್ಬ ದ್ರೋಹಿಯನ್ನು ತಾಳಿಕೊಳ್ಳಲು ಒಟ್ಟು ನಾಲ್ಕು ಜನ ಬೇಕು, ಮೂವರು ಸಾಲದು. ಚೆಂದದ ಗಣಿತ. ಆದರೆ ದ್ರೋಹಿ ಎಂಬ ಪದ ನಮ್ಮನ್ನು ದಾರಿ ತಪ್ಪಿಸುತ್ತದೆಂದು ನನ್ನ ಅನಿಸಿಕೆ. 2021ರಲ್ಲಿ ಫೇಸ್‌ಬುಕ್‌ನ ಎಂಜಿನಿಯರುಗಳು ತಮ್ಮ ಯಂತ್ರಗಳಲ್ಲಿ ಹುಡುಕಿ ಹಿಡಿದ ಒಂದು ತಪ್ಪನ್ನು ಪ್ರಕಟಿಸಿದರು. ಒಂದು ಪ್ರೊಸೆಸರಿನ ಒಂದೇ ಒಂದು ಕೋರ್, 1.1ರ 53ನೆಯ ಘಾತದ ಪೂರ್ಣಾಂಕವನ್ನು ಕೇಳಿದರೆ 156 ಎನ್ನುವ ಬದಲು ಸೊನ್ನೆ ಎನ್ನುತ್ತಿತ್ತು. ಕಡತದ ಗಾತ್ರವನ್ನು ಲೆಕ್ಕ ಹಾಕುವಾಗ ಆ ಸೊನ್ನೆ ನುಸುಳಿ, ಗಾತ್ರವಿಲ್ಲದ ಕಡತವೆಂದರೆ ಖಾಲಿ ಕಡತ ಎಂದುಕೊಂಡು ಗಣಕ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಎಚ್ಚರಿಕೆಯ ಗಂಟೆ ಇಲ್ಲ, ದೀಪ ಕೆಂಪಾಗಲಿಲ್ಲ, ಎದೆಬಡಿತ ತಪ್ಪಲಿಲ್ಲ. ದ್ರೋಹವೂ ಇಲ್ಲ. ಕೇಳಿದ್ದಕ್ಕೆ ಸಕಾಲದಲ್ಲಿ, ಒಪ್ಪುವ ರೂಪದಲ್ಲಿ, ತಪ್ಪು ಉತ್ತರ.

ಆ ವರದಿ ಓದಿದಾಗ ನನಗೆ ನೆನಪಾದದ್ದು "ಆರಾಮಿದೀನಿ" ಎಂಬ ಪದ.

ಅಮ್ಮ ಪ್ರತಿದಿನ ಹೇಳುವುದು ಅದನ್ನೇ. ಹೋದ ವರ್ಷ ಅಕ್ಕ ಊರಿಗೆ ಹೋದಾಗ ಸಕ್ಕರೆ ಮುನ್ನೂರರ ಮೇಲಿತ್ತು, ಕಾಲಿನ ಗಾಯ ಒಣಗಿರಲಿಲ್ಲ. ಆ ತಿಂಗಳೆಲ್ಲ ನಮ್ಮ ಮೂವರಿಗೂ ಬಂದ ಉತ್ತರ ಆರಾಮಿದೀನಿ. ಮೂರು ಫೋನಿಗೂ ಒಂದೇ ಉತ್ತರ ಬಂದರೆ ಅದು ಮೂರು ಸಾಕ್ಷಿಯಾಗುವುದಿಲ್ಲ. ಒಂದೇ ಬಾಯಿಯ ಮಾತಿಗೆ ಪಂಚಾಯಿತಿ ಹೇಗೆ? ಮತ್ತು ಇದು ಒಂದು ದಿಕ್ಕಿನ ಸಮಾಚಾರವಲ್ಲ. ಇಲ್ಲಿ ನನ್ನ ಪರಿಚಿತರೊಬ್ಬರಿಗೆ ಕೆಲಸ ಹೋಗಿ ಏಳು ತಿಂಗಳಾಗಿತ್ತು. ದಿನವೂ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ಊರಿನ ತಂದೆಗೆ ವಿಡಿಯೊ ಕರೆ ಮಾಡುತ್ತಿದ್ದರು. ನಮ್ಮ ಸಮುದಾಯದಲ್ಲಿ ಇಂಥ ಅಂಗಿಗಳು ಎಷ್ಟಿವೆಯೋ.

ಏಕೆ ಹೀಗೆ ಹೇಳುತ್ತೇವೆ? ಪ್ರೀತಿಯಿಂದ ಎಂದು ಒಂದು ಉತ್ತರ. ಅದು ನಿಜ, ಪೂರ್ತಿ ನಿಜವಲ್ಲ. ನಿಂತಿದ್ದೇನೆ ಎಂದು ಹೇಳುವುದರ ಬೆಲೆ ಹೆಚ್ಚಾಗಿದೆ, ಅದಕ್ಕೆ. ಅಮ್ಮ ಕಾಲುನೋವು ಎಂದರೆ ನಾವು ಮೂವರೂ ಸೇರಿ ಮನೆ ಬಿಡಿಸುವ ಮಾತು ಎತ್ತುತ್ತೇವೆ. ಆ ಪರಿಚಿತರು ಕೆಲಸ ಹೋಯಿತೆಂದರೆ ಊರಿನಲ್ಲಿ ತಂದೆ ತಲೆ ತಗ್ಗಿಸಿ ನಡೆಯಬೇಕು. ಇಲ್ಲಿ ಕಚೇರಿಗಳಲ್ಲಿ 'ಇವತ್ತು ನನ್ನಿಂದಾಗದು' ಎಂದವನ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ. ಹಾಗಾಗಿ ಅವನು ಬರುತ್ತಾನೆ, ಕೂರುತ್ತಾನೆ, ಜ್ವರದ ತಲೆಯಲ್ಲಿ ಏನೋ ಒಂದು ಸೊನ್ನೆಯನ್ನು ಬರೆದು ಮುಂದಕ್ಕೆ ಕಳಿಸುತ್ತಾನೆ. ಸುಮ್ಮನಾಗುವುದಕ್ಕೆ ದಂಡ ಹಾಕಿದ ವ್ಯವಸ್ಥೆಗೆ ಸಿಗುವುದು ಸುಮ್ಮನಾಗದ ತಪ್ಪುಗಳು.

ಗಣಕದವರು ಈ ದಾರಿಯನ್ನು ಬಹಳ ಹಿಂದೆಯೇ ಹಿಡಿದರು. 1940ರ ದಶಕದ ಕೊನೆಯಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಗಳಲ್ಲಿ ರಿಲೇ ಗಣಕಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದ. ಆ ಗಣಕಕ್ಕೆ ತನ್ನ ತಪ್ಪನ್ನು ಗುರುತಿಸುವ ಶಕ್ತಿಯಿತ್ತು. ಆದರೆ ಯಾರೂ ಇಲ್ಲದ ಹೊತ್ತಿನಲ್ಲಿ ತಪ್ಪು ಕಂಡರೆ ಆ ಲೆಕ್ಕವನ್ನೇ ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಇಲ್ಲ. ತಪ್ಪಾಗಿದೆ ಎಂದು ಯಂತ್ರಕ್ಕೆ ತಿಳಿಯುವುದಾದರೆ ಎಲ್ಲಿ ತಪ್ಪಾಗಿದೆ ಎಂದೂ ಏಕೆ ತಿಳಿಯಬಾರದು ಎಂದು ಅವನು ಯೋಚಿಸಿದ್ದರಿಂದ 1950ರಲ್ಲಿ ತಪ್ಪು ತಿದ್ದುವ ಸಂಕೇತಗಳು ಬಂದವು. ಇಂದಿನ ಸರ್ವರುಗಳ ಮೆಮೊರಿಯೊಳಗೆ ಆ ವಿಚಾರದ ಸಂತತಿ ದಿನವೂ ದುಡಿಯುತ್ತಿದೆ. ಹ್ಯಾಮಿಂಗನ ಸಿಟ್ಟು ಯಂತ್ರ ತಪ್ಪಿತೆಂಬುದರ ಮೇಲಿರಲಿಲ್ಲ. ತಪ್ಪನ್ನು ಹೇಳಿಕೊಂಡದ್ದರ ಬೆಲೆಯಾಗಿ ಇಡೀ ಲೆಕ್ಕವನ್ನೇ ತೆರಬೇಕಾಗಿತ್ತಲ್ಲ ಎಂಬುದರ ಮೇಲೆ.

ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಮೇಯರ್ 1980ರ ಸುಮಾರಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಗಣಕ ನಡೆಯುತ್ತಿದೆ, ಇಲ್ಲವೇ ಕೆಟ್ಟಿದೆ ಎಂಬ ಎರಡೇ ಸ್ಥಿತಿಗಳ ಲೆಕ್ಕ ಸಾಲದು ಎಂದ. ಹತ್ತರಲ್ಲಿ ಮೂರು ಕೆಟ್ಟ ಯಂತ್ರ ಕೆಟ್ಟ ಯಂತ್ರವಲ್ಲ. ಏಳರಷ್ಟು ದುಡಿಯುವ ಯಂತ್ರ. ಎಷ್ಟು ಕಾಲ ಎಷ್ಟರಮಟ್ಟಿಗೆ ದುಡಿಯಬಲ್ಲದು ಎಂಬುದನ್ನು ಒಟ್ಟಿಗೇ ಅಳೆಯಬೇಕೆಂದು ಅವನು ಹೇಳಿದ ಮೇಲೆ ನಮ್ಮ ಕ್ಷೇತ್ರದ ಭಾಷೆಯೇ ಬದಲಾಯಿತು. ಮನುಷ್ಯರ ಭಾಷೆ ಇನ್ನೂ ಬದಲಾಗಿಲ್ಲ. 'ಆರಾಮ' ಮತ್ತು 'ಸೀರಿಯಸ್' ಎಂಬ ಎರಡೇ ಪದಗಳ ನಡುವೆ ನಮ್ಮ ಫೋನ್ ಕರೆಗಳು ಓಡಾಡುತ್ತವೆ. ಎರಡನೆಯ ಪದ ಬಂದಾಗ ನಾವು ವಿಮಾನದ ಟಿಕೆಟ್ ಹುಡುಕುತ್ತಿರುತ್ತೇವೆ.

ಮನುಷ್ಯರನ್ನು ಪ್ರೊಸೆಸರ್‌ಗಳಿಗೆ ಹೋಲಿಸಿದ್ದಕ್ಕೆ ಕೆಲವು ಓದುಗರಿಗೆ ಇರಿಸುಮುರಿಸಾಗಬಹುದು. ಆಗಬೇಕಾದದ್ದೇ. ಪ್ರೊಸೆಸರಿಗೆ ಮಾನವಿಲ್ಲ, ಆದ್ದರಿಂದ ಅದನ್ನು ಪರೀಕ್ಷಿಸುವುದು ಸುಲಭ. ಅಮ್ಮನಿಗೆ ಮಾನವಿದೆ. ಮನೆಯಲ್ಲಿ ಕ್ಯಾಮೆರಾ ಇಡಿಸೋಣ ಎಂದು ತಮ್ಮ ಹೇಳಿದಾಗ ನಾನು ಒಪ್ಪಲಿಲ್ಲ. ಅಲ್ಲಿ ಲೆಕ್ಕದ ಖರ್ಚು ಮತ್ತೆ ಅಮ್ಮನ ಮೇಲೆಯೇ ಬೀಳುತ್ತದೆ. ತಮ್ಮ ಮನೆಯಲ್ಲೇ ಅವರು ಸೆರಗು ಸರಿಮಾಡಿಕೊಂಡು ಓಡಾಡಬೇಕು. ತಮ್ಮನಿಗೆ ನನ್ನ ವಾದ ಸರಿಬರಲಿಲ್ಲ. "ನಿನ್ನ ತತ್ತ್ವಕ್ಕೆ ಅಮ್ಮ ಬಿದ್ದಿರಬೇಕಾ?" ಎಂದು ಕೇಳಿದ. ಆ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಕ್ಯಾಮೆರಾಗೆ ಒಪ್ಪಿಗೆಯೂ ಇಲ್ಲ.

ಸದ್ಯಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡು ಬೇರೆ. ಮನೆ ಬಿಡಿಸುವ ಮಾತನ್ನು ಅಮ್ಮನಾಗಿ ಎತ್ತುವವರೆಗೆ ನಾವು ಎತ್ತುವುದಿಲ್ಲ ಎಂದು ಮೂವರೂ ಅವರಿಗೆ ಮಾತು ಕೊಟ್ಟೆವು. ಹೇಗಿದ್ದೀಯ ಎಂದು ಕೇಳುವುದನ್ನು ಬಿಟ್ಟೆವು. ಅಕ್ಕ ತಂದುಕೊಟ್ಟ ಮೀಟರಿನಲ್ಲಿ ಅಮ್ಮ ಬೆಳಿಗ್ಗೆ ಸಕ್ಕರೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ, ಫೋನಿನಲ್ಲಿ ಅದನ್ನು ಓದುತ್ತಾರೆ. ಮೊದಮೊದಲು ಸಂಖ್ಯೆ ಅನುಮಾನಾಸ್ಪದವಾಗಿ ಚೆನ್ನಾಗಿತ್ತು. ಈಗ ಏರಿಳಿಯುತ್ತಿದೆ, ಅದು ನನಗೆ ಸಮಾಧಾನ. ಕಳೆದ ವಾರ 212 ಎಂದು ಓದಿದ ಮೇಲೆ ಅಮ್ಮ ಫೋನ್ ಇಡಲಿಲ್ಲ. "ನಂದಾಯ್ತು. ನಿಂಗೂ ಐವತ್ತು ದಾಟ್ತಲ್ಲ ಮಾರಾಯ, ನಿಂದೆಷ್ಟು? ನೋಡ್ಕೊಂಡ್ ಬಂದು ಓದು, ನಾನು ಹಿಡ್ಕೊಂಡಿರ್ತೀನಿ" ಎಂದರು.